ಉತ್ತರಕುಮಾರನಿಗೊಂದು ಬಯಲು

ಬಂಡಿ ಹೊಡೆಯುವ ವಿದ್ಯೆಯನ್ನು ಯಾವ ಶಾಲೆಯೂ ಕಲಿಸಿದಂತಿಲ್ಲ. ಆದರೂ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಆ ವಿದ್ಯೆಯನ್ನು ಬಲ್ಲವರಿಗೆ ಎಂದೂ ಬರವಿರಲಿಲ್ಲ. ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಹೋಗತಕ್ಕ ದಾರಿಯಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ ಈ ಮಾತಿನ ಸತ್ಯ ತಾನಾಗಿಯೇ ತಿಳಿಯುತ್ತದೆ. ಬಸ್ಸು, ಲಾರಿ, ಕಾರುಗಳು ಇಷ್ಟೊಂದು ಹೆಚ್ಚಿರುವ ಈ ಕಾಲದಲ್ಲಿಯೂ ಸುತ್ತಲಿನ ಊರುಗಳ ಭಕ್ತರು ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಗಾಡಿ ಹೂಡಿಕೊಂಡು ದೇವಿಯ ಸನ್ನಿಧಿಗೆ ಬರುತ್ತಾರೆ. ಒಂದು ಗಾಡಿಯ ಪಕ್ಕಕ್ಕೆ ಇನ್ನೊಂದು ಬಂದಿತೆಂದರೆ ಸಾಕು, ಹೊಡೆಯುವವನ ಹುರುಪು ಎತ್ತಿಗೂ ಎತ್ತಿನ ಹುರುಪು ಹೊಡೆಯುವವನಿಗೂ ಹತ್ತಿಕೊಳ್ಳುತ್ತದೆ. ಧೂಳಿನ ನಡುವೆ ಮೂಕಿಯ ಮೇಲೆ ಕುಳಿತು ಹಗ್ಗ ಹಿಡಿದ ಆ ಮನುಷ್ಯನ ಕಣ್ಣು ಎತ್ತಿನ ಕಾಲಿನ ಮೇಲೆ ಇರುವುದಿಲ್ಲ; ನೂರು ಮಾರು ಆಚೆಗಿನ ದಾರಿಯ ಮೇಲೆ ಇರುತ್ತದೆ.

ಈ ಸೀಮೆಗೆ ಓಟದ ಸಂಬಂಧ ಇಂದು ನಿನ್ನೆಯದಲ್ಲ. ಅಮೃತಮಹಲ್ ತಳಿಯ ರಾಸುಗಳಿಗೆ ಅಜ್ಜಂಪುರ ತೌರುಮನೆಯಿದ್ದಂತೆ. ಆ ತಳಿಯ ಸಂವರ್ಧನ ಕೇಂದ್ರವಿರುವುದು ಅಲ್ಲಿಯೇ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಹೈದರಾಲಿಯು ಚಿದಂಬರದ ಕಡೆಗೆ ಎರಡೂವರೆ ದಿನಗಳಲ್ಲಿ 100 ಮೈಲಿ ಸೈನ್ಯ ನಡೆಸಿದ್ದು ಈ ಎತ್ತುಗಳ ಕಾಲ್ಬಲದಿಂದ ಎಂದು ಇತಿಹಾಸಕಾರರು ಬರೆದಿದ್ದಾರೆ. ಆದರೆ ಎತ್ತು ಎಷ್ಟೇ ವೇಗದ್ದಾಗಿರಲಿ, ಅದನ್ನು ಹೊಡೆಯುವುದನ್ನು ಹುಡುಗನೊಬ್ಬ ಕಲಿಯುತ್ತಿದ್ದ ಕ್ರಮವು ನಿಧಾನದ್ದು. ಮೊದಲು ಅಪ್ಪನ ಪಕ್ಕದಲ್ಲಿ ಕೂರಬೇಕು. ಆಮೇಲೆ ಬರಿಯ ಗಾಡಿ, ಬರಿಯ ಹೊಲ. ಹಗ್ಗ ಹುಡುಗನ ಕೈಯಲ್ಲಿ, ಹಗ್ಗದ ಕೊನೆ ಅಪ್ಪನ ಕೈಯಲ್ಲಿ. ಗಾಡಿ ಬದುವಿಗೆ ಹತ್ತಿದರೆ ಮನೆಯವರೆಲ್ಲ ನಗುತ್ತಿದ್ದರು. ಅದಕ್ಕಿಂತ ದೊಡ್ಡ ದಂಡ ಇರಲಿಲ್ಲ. ಜಾತ್ರೆಯ ದಾರಿ ಅವನ ಪಾಲಿಗೆ ಬರುತ್ತಿದ್ದುದು ಇವೆಲ್ಲ ಆದ ಮೇಲೆ.

ಈಗ ಅದೇ ಮನೆಗಳ ಹುಡುಗರ ಕೈಗೆ ಸ್ಟಿಯರಿಂಗ್ ಚಕ್ರ ಬಂದಿದೆ. ಎರಡು ಎತ್ತುಗಳಿದ್ದಲ್ಲಿ ಎಂಬತ್ತು ಕುದುರೆಗಳ ಶಕ್ತಿ ಬಂದು ನಿಂತಿದೆ. ಆದರೆ ಕಲಿಕೆಯ ಕ್ರಮ ಮಾತ್ರ ಗಿಡ್ಡವಾಗಿದೆ. ಡ್ರೈವಿಂಗ್ ಸ್ಕೂಲಿನವರು ಕೆಲವು ವಾರ ಬೆಳಗಿನ ಹೊತ್ತು ಊರಿನ ರಸ್ತೆಯಲ್ಲಿ ಓಡಿಸಿ ತೋರಿಸುತ್ತಾರೆ. ಸಾರಿಗೆ ಕಚೇರಿಯವರ ಮುಂದೆ ಹಿಂದಕ್ಕೆ ತೆಗೆದು ತೋರಿಸಿ, ಏರಿನಲ್ಲಿ ನಿಲ್ಲಿಸಿ ಎತ್ತಿದರೆ ಲೈಸೆನ್ಸು ಕೈಗೆ ಬರುತ್ತದೆ. ಮಳೆಯ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಕಾರು ಏನು ಮಾಡುತ್ತದೆ, ಜಲ್ಲಿಯ ತಿರುವಿನಲ್ಲಿ ಮುಂದಿನ ಚಕ್ರ ಯಾವಾಗ ನಮ್ಮ ಮಾತು ಕೇಳುವುದನ್ನು ಬಿಡುತ್ತದೆ ಎಂಬ ಪಾಠ ಆ ಪಠ್ಯದಲ್ಲಿಲ್ಲ. ಆ ಪಾಠವನ್ನು ಹೆದ್ದಾರಿಯೇ ಹೇಳಿಕೊಡುತ್ತದೆ. ಅದರ ಶುಲ್ಕ ದುಬಾರಿ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳಿದೆ. ಅದರಲ್ಲಿ ಹತ್ತಕ್ಕೆ ಏಳು ಸಾವುಗಳಿಗೆ ಮಿತಿಮೀರಿದ ವೇಗವೇ ಕಾರಣವೆಂದು ಗುರುತಿಸಲಾಗಿದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನನ್ನಂಥವನಿಗೆ ಈ ಅಂಕಿಗಳು ಬರಿಯ ಅಂಕಿಗಳಾಗಿ ಕಾಣುವುದಿಲ್ಲ. ಹಾಜರಿ ಪುಸ್ತಕದ ಕೆಲವು ಹೆಸರುಗಳು ಕಣ್ಣ ಮುಂದೆ ಬರುತ್ತವೆ.

ಆದುದರಿಂದಲೇ, ವೇಗವನ್ನು ಕಂಡರೆ ಮಾರು ದೂರ ಸರಿಯುವ ನಾನು ಕಳೆದ ಬೇಸಗೆಯಲ್ಲಿ ನನ್ನ ಅಕ್ಕನ ಮಗನ ಜೊತೆಯಲ್ಲಿ ಚಿಕ್ಕಮಗಳೂರಿನ ಸಮೀಪದ ಒಂದು ಬಯಲಿಗೆ ಹೋದೆ. "ಮಾವ, ಒಂದು ಸಲ ಬಂದು ನೋಡಿ. ಬೇಡವೆಂದರೆ ನಾನು ಓಡಿಸುವುದಿಲ್ಲ" ಎಂದು ಅವನು ಕೇಳಿಕೊಂಡಿದ್ದ. ಅಲ್ಲಿ ನಡೆಯಲಿದ್ದುದು ಆಟೋಕ್ರಾಸ್.

ಆಟೋಕ್ರಾಸ್ ಎಂದರೇನೆಂದು ವಾಚಕರಲ್ಲಿ ಅನೇಕರು ಕೇಳಬಹುದು. ಮಣ್ಣಿನ ಬಯಲಿನಲ್ಲಿ ಒಂದು ಅಂಕುಡೊಂಕಾದ ದಾರಿಯನ್ನು ಗುರುತು ಮಾಡಿ, ಕಾರುಗಳನ್ನು ಸರದಿಯಾಗಿ ಬಿಟ್ಟು, ಯಾರು ಎಷ್ಟು ಹೊತ್ತಿನಲ್ಲಿ ಸುತ್ತಿ ಬಂದರೆಂದು ಗಡಿಯಾರದಿಂದ ಅಳೆಯುವ ಆಟವದು. ಕಾರಿಗೂ ಕಾರಿಗೂ ಮೇಲಾಟವಿಲ್ಲ. ಎದುರಾಳಿಯೆಂದರೆ ಕಾಲ ಮಾತ್ರ. ಇಂಗ್ಲೆಂಡಿನಲ್ಲಿ ಇದು ರೈತರ ಹುಲ್ಲುಗಾವಲುಗಳಲ್ಲಿ ಬೆಳೆಯಿತು. ಅಮೆರಿಕದಲ್ಲಿ ಅದೇ ಹೆಸರಿನ ಆಟವನ್ನು ಡಾಂಬರು ಹಾಸಿದ ವಿಶಾಲ ಅಂಗಳಗಳಲ್ಲಿ ಆಡುತ್ತಾರೆ. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆ 1973ರಿಂದ ಅದರ ರಾಷ್ಟ್ರೀಯ ಪಂದ್ಯವನ್ನು ನಡೆಸುತ್ತಿದೆ. ರಬ್ಬರಿನ ಶಂಕುವೊಂದನ್ನು ಬೀಳಿಸಿದರೆ ಅಲ್ಲಿ ಎರಡು ಸೆಕೆಂಡಿನ ದಂಡ. ಆ ಆಟದಲ್ಲಿ ನನಗೆ ಬಹಳ ಹಿಡಿಸಿದ ಕಟ್ಟಳೆಯೊಂದಿದೆ: ಅಲ್ಲಿ ಓಡಿಸಬಂದವನು ತನ್ನ ಸರದಿ ಮುಗಿದೊಡನೆ ಮನೆಗೆ ಹೋಗುವಂತಿಲ್ಲ; ಬಿಸಿಲಿನಲ್ಲಿ ನಿಂತು ಇತರರು ಬೀಳಿಸಿದ ಶಂಕುಗಳನ್ನು ಎತ್ತಿ ನಿಲ್ಲಿಸಬೇಕು. ಪಂಕ್ತಿಯಲ್ಲಿ ಉಂಡವನೇ ಮುಂದಿನ ಪಂಕ್ತಿಗೆ ಬಡಿಸುವ ನಮ್ಮ ಮದುವೆಮನೆಯ ರೀತಿ ಇದಕ್ಕಿಂತ ಬೇರೆಯಲ್ಲ.

ನಮ್ಮ ದೇಶದ ಮೋಟಾರು ಕ್ರೀಡೆಗೂ ಹವ್ಯಾಸಿಗಳ ಕ್ಲಬ್ಬುಗಳೇ ತಳಹದಿ. 1953ರಲ್ಲಿ ಹುಟ್ಟಿದ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಎರಡನೆಯ ಮಹಾಯುದ್ಧ ಬಿಟ್ಟುಹೋದ ಷೋಳಾವರದ ವಿಮಾನದ ಹಾದಿಯನ್ನೇ ಪಂದ್ಯದ ಕಣವನ್ನಾಗಿ ಮಾಡಿಕೊಂಡರು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಕೆ-1000 ಎಂಬ ರ್‍ಯಾಲಿಯಿಂದ ಹೆಸರಾಯಿತು. ಕೊಡಗಿನಲ್ಲಿ ಕೊಯ್ಲು ಮುಗಿದ ಬತ್ತದ ಗದ್ದೆಗಳಲ್ಲಿ ಆಟೋಕ್ರಾಸ್ ನಡೆಯುವುದುಂಟು. ನಮ್ಮ ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣು ದಾರಿಗಳಂತೂ 2016 ಮತ್ತು 2017ರಲ್ಲಿ ಏಷ್ಯಾ-ಪೆಸಿಫಿಕ್ ರ್‍ಯಾಲಿಯ ಭಾರತದ ಸುತ್ತಿಗೆ ಹಾಸುಗೆಯಾದವು. 2013, 2016, 2017ರಲ್ಲಿ ಆ ಚಾಂಪಿಯನ್ ಪಟ್ಟವನ್ನು ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಮೋಟಾರು ಕ್ರೀಡೆಗೆ ಆ ಗೌರವ ದೊರೆತದ್ದು ಅದೇ ಮೊದಲು. ಅರ್ಜುನರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ನಾನು ಆ ದಿನ ಬಯಲಿನಲ್ಲಿ ಕಂಡದ್ದು ಉತ್ತರಕುಮಾರರನ್ನು. ಈ ಲೇಖನ ಅವರನ್ನು ಕುರಿತದ್ದು.

ನಾವು ಹೋದಾಗ ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಟ್ಯಾಂಕರಿನಿಂದ ನೀರು ಬಿಟ್ಟು ಧೂಳು ಅಡಗಿಸುತ್ತಿದ್ದರು. ಒಬ್ಬ ಕಾಫಿ ಬೆಳೆಗಾರರು ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ಬ್ಯಾಂಕಿನ ಗುಮಾಸ್ತರೊಬ್ಬರು ಹಳೆಯ ಟಯರುಗಳನ್ನು ಉರುಳಿಸಿ ತಿರುವುಗಳಲ್ಲಿ ಇಡುತ್ತಿದ್ದರು. ಇಂಜಿನಿಯರಿಂಗ್ ಕಾಲೇಜಿನ ಇಬ್ಬರು ಹೆಣ್ಣುಮಕ್ಕಳು ಗಡಿಯಾರದ ತಂತಿ ಎಳೆಯುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಮಧ್ಯಾಹ್ನದ ಚಿತ್ರಾನ್ನ, ಮೊಸರನ್ನದ ಪೊಟ್ಟಣಗಳೇ ಅವರ ಕೂಲಿ. ಹಗ್ಗದ ಆಚೆ ಜನ ನಿಲ್ಲತಕ್ಕ ಸ್ಥಳವನ್ನು ಗುರುತು ಮಾಡುವುದಕ್ಕೆ ಆ ದಿನ ಹಿಡಿದ ಹೊತ್ತು, ದಾರಿಯನ್ನು ಗುರುತು ಮಾಡುವುದಕ್ಕೆ ಹಿಡಿದ ಹೊತ್ತಿಗಿಂತ ಹೆಚ್ಚು.

ಅದಕ್ಕೆ ಕಾರಣವಿದೆ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ನಡೆದ ರಾಷ್ಟ್ರೀಯ ರ್‍ಯಾಲಿಯೊಂದರಲ್ಲಿ, ಪಂದ್ಯಕ್ಕಾಗಿ ಮುಚ್ಚಿದ್ದ ರಸ್ತೆಗೆ ಮೋಟಾರ್ ಸೈಕಲ್ ಒಂದು ಬಂದುಬಿಟ್ಟಿತು. ವೇಗವಾಗಿ ಬರುತ್ತಿದ್ದ ಕಾರು ಅದಕ್ಕೆ ಬಡಿದು, ಒಂದೇ ಕುಟುಂಬದ ಮೂವರು ಸತ್ತರು. ಆಟ ಆಡುವವನ ಪ್ರಾಣಕ್ಕಿಂತ, ಆಟದ ಗೊಡವೆಯೇ ಇಲ್ಲದೆ ದಾರಿ ಹಿಡಿದು ಬಂದವನ ಪ್ರಾಣ ಹೆಚ್ಚಿನ ಹೊಣೆ. ಆ ಹೊಣೆಯನ್ನು ಹೊರುವವನು ಬಾವುಟ ಹಿಡಿದು ಹಗ್ಗದ ಬಳಿ ನಿಂತ, ಯಾರ ಕಣ್ಣಿಗೂ ಬೀಳದ ಸ್ವಯಂಸೇವಕ. ಆ ಬಯಲಿನಲ್ಲಿಯೂ ಆಂಬುಲೆನ್ಸು ಬರುವುದು ಅರ್ಧ ಗಂಟೆ ತಡವಾಯಿತು. ಅಷ್ಟು ಹೊತ್ತೂ ಒಂದು ಕಾರನ್ನೂ ಬಿಡಲಿಲ್ಲ. ಹುಡುಗರು ಗೊಣಗಿದರು. ಹಿರಿಯರು ಗಡಿಯಾರ ನೋಡಿಕೊಂಡು ಸುಮ್ಮನೆ ಕುಳಿತರು.

ನನ್ನ ಅಳಿಯ ತಂದಿದ್ದುದು ಮನೆಯ ಹಳೆಯ ಮಾರುತಿ 800. ಗ್ಯಾರೇಜಿನ ಮೇಸ್ತ್ರಿಯೊಬ್ಬರು ಅದನ್ನು ಪರೀಕ್ಷಿಸಿದರು. ಬ್ಯಾಟರಿ ಬಿಗಿಯಾಗಿದೆಯೇ, ಚಕ್ರದ ನಟ್ಟುಗಳು ಸರಿಯೇ, ಎಣ್ಣೆ ಸೋರುತ್ತಿದೆಯೇ, ಸೀಟುಬೆಲ್ಟು ಹಿಡಿಯುತ್ತದೆಯೇ ಎಂದು ಒಂದೊಂದಾಗಿ ನೋಡಿದರು. ಡಿಕ್ಕಿಯಲ್ಲಿದ್ದ ಜಾಕು, ಮುಂದೆ ನೇತುಹಾಕಿದ್ದ ಗಣಪತಿ, ಸೀಟಿನ ಕೆಳಗಿನ ನೀರಿನ ಬಾಟಲಿ ಎಲ್ಲವನ್ನೂ ತೆಗೆಸಿ ನನ್ನ ಕೈಗೆ ಕೊಟ್ಟು, "ಇವನ್ನು ತಾವು ಇಟ್ಟುಕೊಳ್ಳಿ ಮೇಷ್ಟ್ರೇ. ಬಾಟಲಿ ಉರುಳಿ ಬ್ರೇಕಿನ ಕೆಳಗೆ ಹೋದರೆ ಗಣಪತಿಯೂ ಏನು ಮಾಡಲಾರ" ಎಂದರು. ಮನೆಯ ಕಾರಿನಲ್ಲಿ ಎಷ್ಟು ಸಲ ಅಂಥ ಬಾಟಲಿಗಳು ಕಾಲ ಬಳಿ ಉರುಳಾಡುತ್ತವೆ ಎಂಬುದನ್ನು ವಾಚಕರೇ ನೆನೆದುಕೊಳ್ಳಬೇಕು.

ಬಳಿಕ ಹೊಸಬರನ್ನೆಲ್ಲ ಒಂದೆಡೆ ಕರೆದು, ಆ ದಾರಿಯನ್ನು ಕಾಲ್ನಡಿಗೆಯಲ್ಲಿಯೇ ಒಮ್ಮೆ ಸುತ್ತಿಸಿದರು. ಹದಿನೆಂಟು ತುಂಬಿದ ಹುಡುಗರಿಂದ ಹಿಡಿದು ನಲವತ್ತು ದಾಟಿದ ಗೃಹಿಣಿಯವರೆಗೆ ಹತ್ತು ಹನ್ನೆರಡು ಮಂದಿ ಇದ್ದರು. ನಡೆಸಿಕೊಂಡು ಹೋದವರು ಸುಣ್ಣದ ಗೆರೆ ಎಳೆಯುತ್ತಿದ್ದ ಅದೇ ಬೆಳೆಗಾರರು. ಅವರು ಹೇಳಿದ ಪಾಠವನ್ನು ನಾನು ಸಾರವಾಗಿ ಬರೆಯುತ್ತೇನೆ. ಟಯರಿಗೆ ನೆಲದ ಮೇಲಿನ ಹಿಡಿತ ಒಂದು ಪಡಿಯಷ್ಟು ಮಾತ್ರ. ಅದನ್ನೆಲ್ಲ ಬ್ರೇಕಿಗೆ ಸುರಿದರೆ ತಿರುಗುವುದಕ್ಕೆ ಏನೂ ಉಳಿಯುವುದಿಲ್ಲ. ಆದುದರಿಂದ ನೇರವಾದ ದಾರಿಯಲ್ಲಿಯೇ ವೇಗ ಇಳಿಸಿ, ಆಮೇಲೆ ತಿರುಗಬೇಕು. ಕಾರು ಜಾರಿತೆಂದು ಚಕ್ರವನ್ನು ಇನ್ನಷ್ಟು ತಿರುಗಿಸಿದರೆ ಅದು ಇನ್ನಷ್ಟು ಜಾರುತ್ತದೆ. ಗುದ್ದಬಾರದೆಂದು ಟಯರನ್ನೇ ನೋಡುತ್ತಿದ್ದರೆ ಅದಕ್ಕೇ ಹೋಗಿ ಗುದ್ದುತ್ತೀರಿ. ಹೋಗಬೇಕಾದ ಕಡೆ ನೋಡಿ. ಇದನ್ನು ಕೇಳುತ್ತ ನನಗೆ ಮೂಕಿಯ ಮೇಲಿನ ಹಳ್ಳಿಯವನ ನೆನಪಾಯಿತು. ಇಳಿಜಾರಿನಲ್ಲಿ ತಿರುವು ಬರುವುದಕ್ಕೆ ಮೊದಲೇ ಎತ್ತನ್ನು ಹಿಡಿದು ನಿಧಾನಿಸುವ ಅವನು ಭೌತಶಾಸ್ತ್ರದ ಹೆಸರು ಕೇಳಿದವನಲ್ಲ; ಆದರೆ ಶಾಸ್ತ್ರ ಅದೇ.

ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬ ಹೊಸಬನ ಪಕ್ಕದಲ್ಲಿಯೂ ಹೆಲ್ಮೆಟ್ಟು ಹಾಕಿಕೊಂಡು ಹಳಬರೊಬ್ಬರು ಕುಳಿತರು. "ಸಾರ್, ಎಷ್ಟು ಜೋರಾಗಿ ಹೋಗಬಹುದು?" ಎಂದು ನನ್ನ ಅಳಿಯ ಕೇಳಿದ. "ನಿಧಾನಕ್ಕೆ ಹೋಗಪ್ಪ. ದಾರಿ ಬಾಯಿಪಾಠವಾಗಲಿ, ಜೋರು ತಾನಾಗಿ ಬರುತ್ತದೆ" ಎಂಬುದು ಅವರ ಉತ್ತರ. ಆ ಸುತ್ತಿಗೆ ಅವನಿಗೆ ಒಂದು ನಿಮಿಷ ಐವತ್ತೆರಡು ಸೆಕೆಂಡು ಹಿಡಿಯಿತು. ಎರಡನೆಯದರಲ್ಲಿ ಒಬ್ಬನೇ ಹೋದ. ಹುಮ್ಮಸ್ಸಿನಲ್ಲಿ ಮೂರನೆಯ ತಿರುವಿಗೆ ಜೋರಾಗಿ ನುಗ್ಗಿದ. ಮುಂದಿನ ಚಕ್ರಗಳು ತಿರುಗಿದವು, ಕಾರು ತಿರುಗಲಿಲ್ಲ. ನೇರವಾಗಿ ಹೋಗಿ ಎರಡು ಟಯರುಗಳನ್ನು ಉರುಳಿಸಿ ನಿಂತಿತು. ಕೆಂಪು ಬಾವುಟ ಎದ್ದಿತು. ಧೂಳು ಇಳಿಯುವ ತನಕ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಬ್ಯಾಂಕಿನ ಗುಮಾಸ್ತರು ಓಡಿಬಂದು, ಟಯರುಗಳನ್ನು ಮೊದಲಿನ ಜಾಗಕ್ಕೆ ಇಟ್ಟು, ಕಿಟಕಿಯೊಳಕ್ಕೆ ಬಾಗಿ, "ಈಗ ತಿಳಿಯಿತಲ್ಲ, ಅದು ಎಲ್ಲಿ ಜಾರುತ್ತದೆ ಅಂತ?" ಎಂದಷ್ಟೇ ಕೇಳಿದರು. ಬೈಗುಳವಿಲ್ಲ, ನಗೆಯೂ ಇಲ್ಲ. ಕೊನೆಯ ಸುತ್ತಿನಲ್ಲಿ ಅವನ ಕಾಲ ಒಂದು ನಿಮಿಷ ಮೂವತ್ತೆಂಟು ಸೆಕೆಂಡು. ಅದೇ ದಾರಿಯನ್ನು ನಲವತ್ತು ದಾಟಿದ ಆ ತಾಯಿ ಒಂದು ನಿಮಿಷ ಮೂವತ್ತೊಂದರಲ್ಲಿ ಮುಗಿಸಿದ್ದರು.

ಆ ಎರಡು ಟಯರುಗಳ ಜಾಗದಲ್ಲಿ ಹೆದ್ದಾರಿಯ ಹುಣಸೆಮರವಿದ್ದಿದ್ದರೆ? ಎದುರಿನಿಂದ ಬರುವ ಬಸ್ಸಿದ್ದಿದ್ದರೆ? ಬಯಲಿನಲ್ಲಿ ತಪ್ಪಿನ ಬೆಲೆ ಕೆಲವು ಸೆಕೆಂಡುಗಳು. ರಸ್ತೆಯಲ್ಲಿ ಅದೇ ತಪ್ಪಿನ ಬೆಲೆ ಮನುಷ್ಯರು. ಕ್ಲಬ್ಬಿನವರು ಹೊಸಬನಿಗೆ ಕೊಡುವ ನಿಜವಾದ ಬಹುಮಾನವೆಂದರೆ ಈ ಅಗ್ಗದ ತಪ್ಪು. ಕಪ್ಪು, ಪದಕಗಳೆಲ್ಲ ಅದರ ಮುಂದೆ ಗೌಣ.

ಉತ್ತರನ ಪೌರುಷ ಒಲೆಯ ಮುಂದೆ ಎಂದು ನಾವು ಗಾದೆ ಮಾಡಿ ನಗುತ್ತೇವೆ. ಕೌರವ ಸೇನೆಯನ್ನು ಕಂಡು ರಥದಿಂದ ಹಾರಿ ಓಡಿದ ರಾಜಕುಮಾರ ಅವನು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಗಾದೆ ಹೇಳುವುದಿಲ್ಲ. ಓಡಿದವನನ್ನು ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದಳು. ಮನೆಗೆ ಕಳುಹಿಸಲಿಲ್ಲ, ಹಗ್ಗವನ್ನು ಅವನ ಕೈಗೆ ಕೊಟ್ಟಳು. ಅಂದು ಭೀಷ್ಮ ದ್ರೋಣರ ಎದುರಿಗೆ ಅರ್ಜುನನ ರಥವನ್ನು ಹೊಡೆದವನು ಅದೇ ಉತ್ತರಕುಮಾರ. ಹೆದರಿದವನನ್ನು ಸಾರಥಿಯನ್ನಾಗಿ ಮಾಡಿದ್ದು ಪಕ್ಕದಲ್ಲಿ ನಿಂತ ಒಬ್ಬ ಬಲ್ಲವನ ಧೈರ್ಯ. ಹೊಸಬನ ಪಕ್ಕದಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಕೂರುವ ಹಳಬರು ಮಾಡುವ ಕೆಲಸ ಇದೇ ಜಾತಿಯದು.

ಆಕ್ಷೇಪಣೆಗಳಿಲ್ಲವೆಂದು ನಾನು ಹೇಳಲಾರೆ. ಪೆಟ್ರೋಲಿನ ದಂಡ, ಉಳ್ಳವರ ಆಟ ಎಂಬ ಮಾತಿನಲ್ಲಿ ನಿಜವಿದೆ. ಕಾರಿಲ್ಲದವನು ಅಲ್ಲಿ ಪ್ರೇಕ್ಷಕ ಮಾತ್ರ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದು: ಇದು ಹುಡುಗರಿಗೆ ವೇಗದ ಹುಚ್ಚನ್ನು ಹಿಡಿಸುವುದಿಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1980ರ ದಶಕದಲ್ಲಿ ನಾರ್ವೆ ದೇಶದವರು ಹೊಸ ಚಾಲಕರಿಗೆ ಜಾರುವ ರಸ್ತೆಯಲ್ಲಿ ಕಾರನ್ನು ಹತೋಟಿಯಲ್ಲಿಡುವ ತರಬೇತಿಯನ್ನು ಕಡ್ಡಾಯ ಮಾಡಿ, ಅದರ ಫಲವನ್ನು ಅಳೆದು ನೋಡಿದರು. ತರಬೇತಿ ಪಡೆದ ತರುಣರಲ್ಲಿ ಅಪಘಾತಗಳು ಹೆಚ್ಚಿದ್ದುವು! ಹತೋಟಿ ಕೈಗೆ ಬಂದಿತೆಂಬ ಭ್ರಮೆ ಅವರ ಎಚ್ಚರವನ್ನು ತಿಂದುಹಾಕಿತ್ತು. ಮುಂದೆ ಸ್ವೀಡನ್ನಿನವರು ಪಾಠವನ್ನೇ ಬದಲಾಯಿಸಿದರು. ಜಾರಿದ ಕಾರನ್ನು ಹಿಡಿಯುವ ಚಮತ್ಕಾರಕ್ಕಿಂತ, ಕಾರು ಎಷ್ಟು ಸುಲಭವಾಗಿ ಕೈಮೀರುತ್ತದೆ ಎಂಬ ತಿಳಿವಳಿಕೆಗೆ ಪ್ರಾಶಸ್ತ್ಯ ಕೊಟ್ಟರು.

ಆದುದರಿಂದ ಬಯಲು ಇದ್ದರೆ ಸಾಲದು. ಬಯಲಿನಲ್ಲಿ ನಿಂತವರು ಏನು ಹೇಳಿಕೊಡುತ್ತಾರೆ ಎಂಬುದೇ ಮುಖ್ಯ. "ನೀನು ಶೂರ" ಎಂದು ಬೆನ್ನು ತಟ್ಟುವ ಕ್ಲಬ್ಬು ಅಪಾಯಕಾರಿ. "ಅದು ಎಲ್ಲಿ ಜಾರುತ್ತದೆ ತಿಳಿಯಿತಲ್ಲ?" ಎಂದು ಕೇಳುವ ಕ್ಲಬ್ಬು ಪಾಠಶಾಲೆ. ಸಂಜೆ ಊರಿಗೆ ಮರಳುವಾಗ ನನ್ನ ಅಳಿಯ ಕಾರನ್ನು ಅರವತ್ತು ಕಿಲೋಮೀಟರಿನ ಮೇಲೆ ಏರಿಸಲಿಲ್ಲ. ಏಕೆಂದು ಕೇಳಿದೆ. "ಮಾವ, ನಲವತ್ತರಲ್ಲಿಯೇ ಅದು ನನ್ನ ಮಾತು ಕೇಳಲಿಲ್ಲವಲ್ಲ" ಎಂದ.

ಎತ್ತಿನ ಗಾಡಿಯ ಓಟಕ್ಕೂ ಕಟ್ಟುಪಾಡುಗಳು ಬಂದಿರುವ ಕಾಲವಿದು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಗಾಡಿ ಪಂದ್ಯಗಳನ್ನು ತಡೆಯಿತು. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಎಡೆಮಾಡಿ ಕರ್ನಾಟಕವು 2017ರಲ್ಲಿ ಕಾನೂನನ್ನು ತಿದ್ದಿತು. ಅಂಥ ತಿದ್ದುಪಡಿಗಳನ್ನು 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠ ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆಯಾಗದಂತೆ ನೋಡಿಕೊಂಡು ಓಡಿಸಿ ಎಂಬುದು ಅದರ ತಾತ್ಪರ್ಯ. ಓಟದ ಆಸೆಯನ್ನು ಅಡಗಿಸುವುದು ಯಾವ ಕಾನೂನಿಗೂ ಸಾಧ್ಯವಾಗದ ಮಾತು; ಅದಕ್ಕೆ ಸ್ಥಳವನ್ನೂ ಕಾವಲನ್ನೂ ಒದಗಿಸಬಹುದು.

ನಮ್ಮ ತಾಲ್ಲೂಕುಗಳಲ್ಲಿ ಅಂಥದೊಂದು ಬಯಲು ದೊರೆಯಲಾರದೇ? ಅಮೃತಮಹಲ್ ಕಾವಲುಗಳ ಕಡೆಗೆ ಮಾತ್ರ ಯಾರೂ ಕೈತೋರಿಸಬಾರದು. ಅವು ದನಗಳ ಹುಲ್ಲು, ಕೃಷ್ಣಮೃಗಗಳ ಮನೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಆದರೆ ಈರುಳ್ಳಿ, ಜೋಳ ಕಿತ್ತು ಕೊಯ್ದ ಮೇಲೆ ಬೇಸಗೆಯಲ್ಲಿ ಬರಿದಾಗಿ ಬಿದ್ದಿರುವ ಹೊಲಗಳಿಗೆ ಕೊರತೆಯಿಲ್ಲ. ಒಡೆಯನ ಒಪ್ಪಿಗೆ, ಪೊಲೀಸರ ಅನುಮತಿ, ಆಂಬುಲೆನ್ಸು, ಹಗ್ಗ, ಹಳೆಯ ಟಯರು, ಮತ್ತು ಒಂದು ಭಾನುವಾರವನ್ನು ಬಿಸಿಲಿಗೆ ಕೊಡಬಲ್ಲ ಇಪ್ಪತ್ತು ಮಂದಿ: ಬೇಕಾದುದು ಇಷ್ಟು. ಕೊನೆಯದೊಂದೇ ಕಷ್ಟದ್ದು. ಹಣಕ್ಕೆ ದೊರೆಯದ ಪದಾರ್ಥವೂ ಅದೊಂದೇ.

ಆ ಕ್ಲಬ್ಬಿನವರು ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಹೊಸಬರನ್ನು ಕರೆದರು. ನನ್ನ ಅಳಿಯ ಹೋಗಿದ್ದ. ಆದರೆ ಕಾರು ಮನೆಯಲ್ಲಿಯೇ ಇತ್ತು. ಏಕೆ ಓಡಿಸಲಿಲ್ಲವೆಂದು ನಾನು ಕೇಳಿದ್ದಕ್ಕೆ, ಮೂರನೆಯ ತಿರುವಿನಲ್ಲಿ ಬಾವುಟ ಹಿಡಿಯುವುದಕ್ಕೆ ಜನ ಸಾಲದಾಗಿತ್ತೆಂದು ಹೇಳಿದ. ಬಿಸಿಲಿಗೆ ಅವನ ಮುಖ ಕಪ್ಪಿಟ್ಟಿತ್ತು. ಒಟ್ಟು ಹನ್ನೊಂದು ಟಯರು ಎತ್ತಿ ಇಟ್ಟನಂತೆ.